ಕಿರುವಿಡಿಯೊಗಳು ಮತ್ತು ತರಗತಿಯ ಅವಧಾನ: ಪಾಠಾಭ್ಯಾಸದ ಹಿನ್ನೆಲೆಯಲ್ಲಿ ಕೆಲವು ವಿಚಾರಗಳು

ಪ್ರಶಿಕ್ಷಣಾರ್ಥಿಗಳು ಬರೆದು ಒಪ್ಪಿಸುವ ವ್ಯಕ್ತಿ ಅಧ್ಯಯನಗಳಲ್ಲಿ ಈಚೆಗೆ ಒಂದು ಪದ ಪದೇ ಪದೇ ಕಾಣುತ್ತಿದೆ: 'ಬ್ರೇನ್ ರಾಟ್'. ಕೆಲವರು ಅದನ್ನು 'ಮಿದುಳು ಕೊಳೆ' ಎಂದು ಕನ್ನಡಕ್ಕೆ ತಂದಿದ್ದಾರೆ. ಮೊಬೈಲಿನಲ್ಲಿ ಹುರುಳಿಲ್ಲದ ವಿಡಿಯೊಗಳನ್ನು ಗಂಟೆಗಟ್ಟಲೆ ನೋಡಿ ಮನಸ್ಸು ಮಂಕಾಗುವ ಸ್ಥಿತಿಗೆ ಈ ಹೆಸರು. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 2024ರಲ್ಲಿ ಇದನ್ನು ವರ್ಷದ ಪದವೆಂದು ಆರಿಸಿತು. ಒಂದೇ ವರ್ಷದಲ್ಲಿ ಇದರ ಬಳಕೆ ಶೇ 230ರಷ್ಟು ಏರಿತೆಂದೂ ತಿಳಿಸಿತು. ಪದವೇನೋ ಹೊಸದಲ್ಲ. 1854ರಲ್ಲಿ ಪ್ರಕಟವಾದ 'ವಾಲ್ಡನ್' ಕೃತಿಯಲ್ಲಿ ಹೆನ್ರಿ ಡೇವಿಡ್ ಥೋರೋ ಇದನ್ನು ಬಳಸಿದ್ದರು. ಅದಕ್ಕೂ ಕೆಲವು ವರ್ಷ ಹಿಂದೆ ಯೂರೋಪಿನ ಆಲೂಗಡ್ಡೆ ಬೆಳೆಗೆ ಕೊಳೆ ಬಡಿದಿತ್ತು. ಬೆಳೆಯ ಕೊಳೆಗೆ ಮದ್ದು ಹುಡುಕುವ ಜನ ಮನಸ್ಸಿನ ಕೊಳೆಗೂ ಹುಡುಕಬಾರದೇ ಎಂಬುದು ಅವರ ಕುಟುಕು. (ಮಲೆನಾಡಿನಿಂದ ಬಂದ ಪ್ರಶಿಕ್ಷಣಾರ್ಥಿಗಳಿಗೆ ಕೊಳೆರೋಗ ಎಂದೊಡನೆ ಅಡಿಕೆ ತೋಟ ನೆನಪಾಗುತ್ತದೆ. ಆಲೂಗಡ್ಡೆಯ ಆ ಕೊಳೆಗೂ ಅಡಿಕೆಯ ಕೊಳೆಗೂ ಕಾರಣ ಒಂದೇ ಕುಲದ ಸೂಕ್ಷ್ಮಜೀವಿಗಳು.)

ಥೋರೋ ಬಳಸಿದ್ದು ಕುಟುಕು ಮಾತಾಗಿ. ಇಂದಿನ ಹುಡುಗರು ಬಳಸುವುದೂ ಅರ್ಧ ತಮಾಷೆಗೆ. ಇದು ವೈದ್ಯಕೀಯ ನಿದಾನದ ಹೆಸರಲ್ಲ. ಆದ್ದರಿಂದ ಹದಿಮೂರು ವರ್ಷದ ಒಬ್ಬ ಹುಡುಗನ ಅಧ್ಯಯನ ವರದಿಯಲ್ಲಿ 'ಈ ವಿದ್ಯಾರ್ಥಿಗೆ ಮಿದುಳು ಕೊಳೆಯ ಲಕ್ಷಣಗಳಿವೆ' ಎಂದು ಬರೆಯುವುದು ಸರಿಯಲ್ಲ. ಆ ವಾಕ್ಯ ಶಾಲೆಯ ಸಿಬ್ಬಂದಿ ಕೊಠಡಿಯವರೆಗೆ ಹೋಗಿ, ಅಲ್ಲಿಂದ ತಾಯಿಯ ಕಿವಿಗೂ ಬೀಳುತ್ತದೆ. ನಾವು ಬರೆಯಬೇಕಾದದ್ದು ಕಂಡದ್ದನ್ನು: ಎಷ್ಟು ಹೊತ್ತು ಒಂದು ಪುಟದ ಮೇಲೆ ಕಣ್ಣಿಟ್ಟ, ಎಲ್ಲಿ ಬಿಟ್ಟ, ಬಿಟ್ಟ ಮೇಲೆ ತಾನಾಗಿ ಮರಳಿದನೋ ಇಲ್ಲವೋ. ಈ ಲೇಖನದ ಕಾಳಜಿಯೂ ಅದೇ, ಬಿಟ್ಟದ್ದಕ್ಕೆ ಮರಳುವುದು.

ಮೊದಲು 'ಕಳಪೆ' ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಹಾಸ್ಯ ಕಳಪೆಯಲ್ಲ. ಗ್ರಾಮ್ಯ ಭಾಷೆ ಕಳಪೆಯಲ್ಲ. ಚಿಕ್ಕದಾಗಿರುವುದೂ ದೋಷವಲ್ಲ, ಗಾದೆಗಿಂತ ಚಿಕ್ಕದು ಯಾವುದಿದೆ? ನೋಡುವವನಿಗೆ ಅರ್ಥವಾಯಿತೇ, ಹೇಳಿದ್ದು ನಿಜವೇ ಎಂಬ ಎರಡು ಪ್ರಶ್ನೆಗಳ ಗೊಡವೆಯೇ ಇಲ್ಲದೆ, ಅವನು ಇನ್ನೊಂದು ಕ್ಷಣ ಅಲ್ಲೇ ಉಳಿದನೇ ಎಂಬುದಷ್ಟನ್ನೇ ಅಳೆದು ತಯಾರಾದ ಸರಕನ್ನು ನಾನು ಇಲ್ಲಿ ಕಳಪೆ ಎನ್ನುತ್ತೇನೆ. ಆ ಅಳತೆಗೋಲಿನಿಂದ ನೋಡಿದರೆ 'ಶೈಕ್ಷಣಿಕ' ಎಂಬ ಪಟ್ಟಿ ಹಚ್ಚಿಕೊಂಡ ಎಷ್ಟೋ ವಿಡಿಯೊಗಳು ಕಳಪೆಯಾಗುತ್ತವೆ. ಹಳ್ಳಿಯ ಹುಡುಗರು ತೆಗೆದ ಎಷ್ಟೋ ತಮಾಷೆಯ ತುಣುಕುಗಳು ಕಳಪೆಯಾಗುವುದಿಲ್ಲ.

ಎಂಟು ಸೆಕೆಂಡಿನ ಕಥೆ

ವಿಚಾರ ಸಂಕಿರಣಗಳಲ್ಲಿ ಪ್ರಶಿಕ್ಷಣಾರ್ಥಿಗಳು ತಪ್ಪದೆ ಹೇಳುವ ಒಂದು ಅಂಕಿಯಿದೆ: ಮನುಷ್ಯರ ಅವಧಾನ ಹನ್ನೆರಡು ಸೆಕೆಂಡಿನಿಂದ ಎಂಟಕ್ಕೆ ಇಳಿದಿದೆ, ಹೊಂಬಣ್ಣದ ಮೀನಿಗೆ ಒಂಬತ್ತು ಸೆಕೆಂಡು ಇರುತ್ತದೆ, ನಾವು ಮೀನಿಗಿಂತ ಕಡೆಯಾದೆವು ಎಂಬುದು. ಮೈಕ್ರೋಸಾಫ್ಟ್‌ನ ಕೆನಡಾ ವಿಭಾಗ 2015ರಲ್ಲಿ ಹೊರತಂದ ಒಂದು ವರದಿಯಿಂದ ಈ ಅಂಕಿ ಲೋಕವೆಲ್ಲ ಸುತ್ತಿತು. ಆದರೆ ಅದು ಆ ಸಂಸ್ಥೆಯ ಸ್ವಂತ ಸಂಶೋಧನೆಯಲ್ಲ. ಬೇರೆ ಜಾಲತಾಣವೊಂದರಿಂದ ಎತ್ತಿಕೊಂಡದ್ದು. ಬಿಬಿಸಿ ಪತ್ರಕರ್ತರು 2017ರಲ್ಲಿ ಅದರ ಮೂಲ ಹುಡುಕುತ್ತಾ ಹೋದಾಗ ಆಧಾರವಾಗುವ ಅಧ್ಯಯನವೇ ಸಿಗಲಿಲ್ಲ. ಕಳಪೆ ಮಾಹಿತಿಯ ದುಷ್ಪರಿಣಾಮವನ್ನು ವಿವರಿಸಲು ನಾವು ಬಳಸುವ ಉದಾಹರಣೆಯೇ ಕಳಪೆ ಮಾಹಿತಿಯಾಗಿರುವುದು ಸ್ವಲ್ಪ ವಿನೋದದ ಸಂಗತಿ. ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಗಮನ ಕೊಡಲಾರದ ಹುಡುಗರು ಮೂರು ತಾಸು ಕ್ರಿಕೆಟ್ ನೋಡುವುದು ಹೇಗೆ ಎಂಬ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲವಲ್ಲ!

ನಂಬಬಹುದಾದ ಅಳತೆಗಳು ಬೇರೆ ಇವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಗ್ಲೋರಿಯಾ ಮಾರ್ಕ್ ಕಚೇರಿ ಕೆಲಸಗಾರರನ್ನು ವರ್ಷಗಟ್ಟಲೆ ಗಮನಿಸಿದವರು. ಪರದೆಯ ಮೇಲೆ ಒಂದು ವಿಷಯದಿಂದ ಇನ್ನೊಂದಕ್ಕೆ ಹಾರುವ ಮುನ್ನ ಜನ ನಿಲ್ಲುತ್ತಿದ್ದ ಸರಾಸರಿ ಸಮಯ 2004ರಲ್ಲಿ ಸುಮಾರು ಎರಡೂವರೆ ನಿಮಿಷ, 2012ರಲ್ಲಿ 75 ಸೆಕೆಂಡು, ಈಚಿನ ವರ್ಷಗಳಲ್ಲಿ ಸುಮಾರು 47 ಸೆಕೆಂಡು. ಇದು ಮಿದುಳಿನ ಸಾಮರ್ಥ್ಯದ ಅಳತೆಯಲ್ಲ, ನಡವಳಿಕೆಯ ಅಳತೆ. ಪರದೆಯ ಮುಂದೆ ಜನ ಏನು ಮಾಡುತ್ತಾರೆ ಎಂದು ಅದು ಹೇಳುತ್ತದೆ. ಏನು ಮಾಡಬಲ್ಲರು ಎಂದಲ್ಲ. ಶಿಕ್ಷಕರಾದ ನಮಗೆ ಇದರಲ್ಲಿ ಆಸೆಯೂ ಇದೆ, ಎಚ್ಚರಿಕೆಯೂ ಇದೆ. ರೂಢಿಯಿಂದ ಬಂದದ್ದನ್ನು ರೂಢಿಯಿಂದ ತಿದ್ದಬಹುದು. ಆದರೆ ತಿದ್ದುವ ರೂಢಿ ಎಲ್ಲಾದರೂ ನಡೆಯಬೇಕಲ್ಲ?

ವಿಲಿಯಂ ಜೇಮ್ಸ್ 1890ರಲ್ಲೇ ಹೇಳಿದ ಒಂದು ಮಾತನ್ನು ಇಲ್ಲಿ ನೆನೆಯಬೇಕು. ಐಚ್ಛಿಕ ಅವಧಾನ ಒಂದೇ ಸಮನೆ ಎಳೆದ ಗೆರೆಯಲ್ಲ. ಅದು ಕ್ಷಣಕ್ಷಣಕ್ಕೂ ಜಾರುತ್ತದೆ, ನಾವು ಅದನ್ನು ಮರಳಿ ಮರಳಿ ತರುತ್ತೇವೆ. ಈ ಮರಳಿ ತರುವ ಶಕ್ತಿಯನ್ನು ಬೆಳೆಸುವ ಶಿಕ್ಷಣವೇ ಶ್ರೇಷ್ಠ ಶಿಕ್ಷಣ ಎಂಬುದು ಅವರ ಅಭಿಪ್ರಾಯ. ಪಾಠದ ನಡುವೆ ಮಗುವಿನ ಮನಸ್ಸು ಕಿಟಕಿಯಾಚೆ ಹೋಗುವುದು ಎಂದಿನಿಂದಲೂ ಇದೆ. ಕಿಟಕಿಯಾಚೆ ಹೋದ ಮನಸ್ಸು ಸ್ವಲ್ಪ ಹೊತ್ತಿಗೆ ಬೇಸತ್ತು ತಾನೇ ವಾಪಸು ಬರುತ್ತಿತ್ತು. ರೀಲ್ಸ್‌ನ ಕಿಟಕಿಯಲ್ಲಿ ಬೇಸರ ಬರುವ ಮೊದಲೇ ದೃಶ್ಯ ಬದಲಾಗುತ್ತದೆ. ಮರಳಿ ತರುವ ಸಂದರ್ಭವೇ ಒದಗುವುದಿಲ್ಲ.

ಬೆರಳಿನ ಕೆಳಗಿನ ಪುನರ್ಬಲನ

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ. ನಮ್ಮ ಕಲಿಕಾ ಮನೋವಿಜ್ಞಾನದ ಪತ್ರಿಕೆಯಲ್ಲೇ ಉತ್ತರವಿದೆ. ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಪುನರ್ಬಲನದ ಅನುಸೂಚಿಗಳನ್ನು ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ. ಪ್ರತಿ ಸಲ ಗುಂಡಿ ಕುಟುಕಿದಾಗಲೂ ಕಾಳು ಬೀಳುತ್ತಿದ್ದರೆ, ಕಾಳು ನಿಂತ ಕೂಡಲೇ ಪಾರಿವಾಳ ಕುಟುಕುವುದನ್ನೂ ಬೇಗ ನಿಲ್ಲಿಸುತ್ತದೆ. ಎಷ್ಟು ಸಲ ಕುಟುಕಿದರೆ ಬೀಳುತ್ತದೆಂದು ತಿಳಿಯದಿದ್ದರೆ ಕುಟುಕುತ್ತಲೇ ಇರುತ್ತದೆ. ಬೆರಳಿನಿಂದ ಪರದೆ ತಳ್ಳುವುದೂ ಇಂಥದೇ ಚಲ ಅನುಪಾತದ ಅನುಸೂಚಿ. ಹತ್ತರಲ್ಲಿ ಏಳು ಸಪ್ಪೆ, ಎಂಟನೆಯದು ನಗಿಸುತ್ತದೆ. ಆ ಏಳು ಸಪ್ಪೆಯಾಗಿರುವುದೂ ವ್ಯವಸ್ಥೆಯ ಭಾಗವೇ. ಇದರ ಜೊತೆಗೆ ಪುಟ ಮುಗಿಯುವುದೆಂಬುದಿಲ್ಲ. ಕೆಳಗೆ ಸರಿಸಿದಷ್ಟೂ ತೆರೆದುಕೊಳ್ಳುವ ಪುಟವನ್ನು ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ 2006ರಲ್ಲಿ ರೂಪಿಸಿದರು. ಅದಕ್ಕಾಗಿ ಅವರೇ ಮುಂದೆ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದ್ದಾರೆ. ಪುಸ್ತಕಕ್ಕೆ ಅಧ್ಯಾಯದ ಕೊನೆ ಇದೆ, ತರಗತಿಗೆ ಗಂಟೆ ಇದೆ, ಅಡುಗೆಮನೆಯಿಂದ ಅಮ್ಮನ ಕೂಗು ಇದೆ. ಇಲ್ಲಿ ನಿಲ್ಲು ಎನ್ನುವವರೇ ಇಲ್ಲ.

ನಮ್ಮ ಮಕ್ಕಳ ಕೈಗೆ ಇದು ಬಂದ ಬಗೆಯನ್ನೂ ನೋಡಬೇಕು. ಜಿಯೋ ಸೇವೆ ಆರಂಭವಾದದ್ದು 2016ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯ ದಿನವೇ. ಅಲ್ಲಿಂದ ಡೇಟಾ ಅಗ್ಗವಾಯಿತು. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಪಾಠಕ್ಕೆಂದು ಮೊಬೈಲ್ ಮನೆಮನೆಯ ಮಕ್ಕಳ ಕೈ ಸೇರಿತು. ಅದೇ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಭಾರತಕ್ಕೆ ಬಂದವು. 2025–26ರಲ್ಲಿ ಎಂಟನೇ ತರಗತಿಯಲ್ಲಿರುವ ಮಗು ಆಗ ಮೂರನೇ ತರಗತಿಯಲ್ಲಿತ್ತು. ಅಕ್ಷರ ಕೂಡಿಸುವ ಶ್ರಮ ಮುಗಿದು, ಓದಿನಿಂದ ವಿಷಯ ತಿಳಿಯುವ ರುಚಿ ಹತ್ತುವ ವಯಸ್ಸು ಅದು. ಆ ಒಂದೂವರೆ ವರ್ಷ ಪುಸ್ತಕದ ಜಾಗದಲ್ಲಿ ಪರದೆಯಿತ್ತು. ಗ್ರಾಮೀಣ ಭಾರತದ 14ರಿಂದ 16 ವರ್ಷದವರಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಎಂದು 2024ರ ಅಸರ್ ವರದಿ ಹೇಳುತ್ತದೆ. ಸಮೀಕ್ಷೆಯ ಹಿಂದಿನ ವಾರದಲ್ಲಿ ಅವರ ಪೈಕಿ ಶೇ 57ರಷ್ಟು ಮಂದಿ ಅದನ್ನು ಕಲಿಕೆಗೆ ಬಳಸಿದ್ದರು; ಶೇ 76ರಷ್ಟು ಮಂದಿ ಸಾಮಾಜಿಕ ಜಾಲತಾಣಗಳಿಗೆ. ಕಲಿಕೆಗೆ ಬಳಸಿದವರೂ ಕಡಿಮೆಯೇನಿಲ್ಲ ಎಂಬುದನ್ನು ಮರೆಯಬಾರದು.

ಬೇಸರದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ತರಗತಿಗೆ ಇದೇ ಮುಖ್ಯ. ಟೊರಾಂಟೊ ವಿಶ್ವವಿದ್ಯಾಲಯದ ಕೇಟಿ ಟ್ಯಾಮ್ ಮತ್ತು ಮೈಕೆಲ್ ಇನ್ಜ್‌ಲಿಕ್ಟ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏಳು ಪ್ರಯೋಗಗಳಿವೆ; ಭಾಗವಹಿಸಿದವರು 1,200ಕ್ಕೂ ಹೆಚ್ಚು. ಒಂದು ಪ್ರಯೋಗದಲ್ಲಿ ಜನ ಒಮ್ಮೆ ಹತ್ತು ನಿಮಿಷದ ಒಂದೇ ವಿಡಿಯೊ ನೋಡಿದರು. ಇನ್ನೊಮ್ಮೆ ಅಷ್ಟೇ ಸಮಯದಲ್ಲಿ ಐದೈದು ನಿಮಿಷದ ಹಲವು ವಿಡಿಯೊಗಳ ನಡುವೆ ಬೇಕಾದಂತೆ ಹಾರಾಡಿದರು. ಹಾರಾಡಿದರೆ ಬೇಸರ ಕಡಿಮೆಯಾಗುತ್ತದೆ ಎಂದೇ ಎಲ್ಲರ ಎಣಿಕೆ. ಆದದ್ದು ತಿರುವುಮುರುವು: ಹಾರಾಡಿದಾಗಲೇ ಬೇಸರ ಹೆಚ್ಚು, ತೃಪ್ತಿ ಕಡಿಮೆ. ಬೇಸರ ಕಳೆಯಲು ಬೆರಳಾಡಿಸುವುದು, ಬೆರಳಾಡಿಸಿ ಬೇಸರ ಬೆಳೆಸಿಕೊಳ್ಳುವುದು. ಬಾಯಾರಿಕೆಗೆ ಉಪ್ಪುನೀರು ಕುಡಿದ ಹಾಗೆ. ಬೆಳಗಿನ ಮೊದಲ ಅವಧಿಗೇ ಮಂಕಾಗಿ ಕೂತ ಮಗು ನಿಮ್ಮ ಪಾಠದಿಂದ ಬೇಸತ್ತಿಲ್ಲದಿರಬಹುದು. ಬೇಸರವನ್ನು ಮನೆಯಿಂದಲೇ ಹೊತ್ತು ತಂದಿರಬಹುದು.

ಒಂದು ಪಾಠ ಮತ್ತು ಅದರ ಮೂರನೆಯ ದಿನ

ಪಾಠಾಭ್ಯಾಸದಲ್ಲಿ ಇದೆಲ್ಲ ಯಾವ ರೂಪದಲ್ಲಿ ಕಾಣುತ್ತದೆ? ಪರಿವೀಕ್ಷಣೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ ಒಂದು ಪಾಠವನ್ನು ವಿವರವಾಗಿ ಹೇಳುತ್ತೇನೆ. ಎಂಟನೇ ತರಗತಿ, ವಿಷಯ ಋತುಗಳು ಹೇಗೆ ಉಂಟಾಗುತ್ತವೆ ಎಂಬುದು. ಪ್ರಶಿಕ್ಷಣಾರ್ಥಿ ಶ್ರಮಜೀವಿ. ನಲವತ್ತು ನಿಮಿಷದ ಅವಧಿಗೆ ಹನ್ನೊಂದು ತುಣುಕು ವಿಡಿಯೊಗಳನ್ನು ಜೋಡಿಸಿಕೊಂಡು ಬಂದಿದ್ದರು. ಪೀಠಿಕೆಗೆ ಮಳೆಯ ಹಾಡು, ವಿಷಯ ಘೋಷಣೆಗೆ ತಿರುಗುವ ಭೂಮಿ, ನಡುವೆ ಹಿಮದಲ್ಲಿ ಜಾರುವ ಕರಡಿ, ಬೇಸಿಗೆಗೆ ಒಂದು ಹಾಸ್ಯ ನಟನ ದೃಶ್ಯ. ಮಕ್ಕಳ ಸಂಭ್ರಮ ಹೇಳತೀರದು. "ಮಿಸ್, ಇನ್ನೊಂದು ಹಾಕಿ ಮಿಸ್!" ಎಂಬ ಕೂಗು ಪಕ್ಕದ ತರಗತಿಗೂ ಕೇಳಿಸಿತು. ಒಂದು ತುಣುಕಿನಲ್ಲಿ ಭೂಮಿ ಸೂರ್ಯನಿಂದ ಬಹಳ ದೂರ ಹೋಗುವುದರಿಂದ ಚಳಿಯಾಗುತ್ತದೆ ಎಂಬ ಮಾತಿತ್ತು. ಮೂವತ್ತು ಸೆಕೆಂಡಿನ ತುಣುಕು; ಯಾರೂ ತಡೆದು ಕೇಳಲಿಲ್ಲ, ಮುಂದಿನದು ಶುರುವಾಯಿತು.

ಪಾಠದ ನಂತರ ಅವರು ಬಂದು, "ಸರ್, ಕ್ಲಾಸ್ ಚೆನ್ನಾಗಿ ಆಯ್ತಲ್ವಾ? ಒಬ್ಬರೂ ಗಲಾಟೆ ಮಾಡಲಿಲ್ಲ" ಎಂದರು. ಈ ಎರಡನೆಯ ವಾಕ್ಯದಲ್ಲಿ ಎಲ್ಲವೂ ಇದೆ. ತನ್ನದಲ್ಲದ ತರಗತಿಯಲ್ಲಿ, ಹಿಂದೆ ಪರಿವೀಕ್ಷಕರು, ಬಾಗಿಲಲ್ಲಿ ಮಾರ್ಗದರ್ಶಕ ಶಿಕ್ಷಕರು, ಎದುರಿಗೆ ಐವತ್ತು ಮಕ್ಕಳು. ಒಂದು ನಿಮಿಷ ಮೌನವಾದರೆ ಅದು ಗಲಾಟೆಯಾಗಿ ಒಡೆಯುತ್ತದೆಂಬ ಭಯ. ವಿಡಿಯೊಗಳು ಬೋಧನೋಪಕರಣವಾಗಿ ಬಂದಿರಲಿಲ್ಲ, ಗುರಾಣಿಯಾಗಿ ಬಂದಿದ್ದವು. ಭಯ ಸಹಜವಾದದ್ದು. ಬಹುತೇಕ ವೀಕ್ಷಣಾ ನಮೂನೆಗಳೂ ಈ ಭಯಕ್ಕೆ ನೀರೆರೆಯುತ್ತವೆ: ಉಪಕರಣಗಳ ಬಳಕೆಗೆ ಅಂಕವಿದೆ, ಮಕ್ಕಳ ಉತ್ಸಾಹಕ್ಕೆ ಅಂಕವಿದೆ, ಮಕ್ಕಳು ಸುಮ್ಮನೆ ಕೂತು ಯೋಚಿಸಿದ್ದಕ್ಕೆ ಕಾಲಂ ಇಲ್ಲ.

"ಮೂರು ದಿನ ಬಿಟ್ಟು ಇದೇ ಮಕ್ಕಳನ್ನು ಎರಡು ಪ್ರಶ್ನೆ ಕೇಳಿ ನೋಡಿ ಅಮ್ಮ. ಅಲ್ಲಿಯವರೆಗೆ ನಾನೇನೂ ಹೇಳುವುದಿಲ್ಲ" ಎಂದೆ. ಕೇಳಿದರು. ಕರಡಿ ಎಲ್ಲರಿಗೂ ನೆನಪಿತ್ತು. ಹಾಸ್ಯ ನಟನ ಮಾತನ್ನು ಒಬ್ಬ ಹುಡುಗ ಅಭಿನಯಿಸಿಯೂ ತೋರಿಸಿದ. ಋತು ಬದಲಾಗುವುದೇಕೆ ಎಂಬುದಕ್ಕೆ ಬಂದ ಉತ್ತರ ಒಂದೇ: ಭೂಮಿ ಸೂರ್ಯನಿಂದ ದೂರ ಹೋಗುತ್ತದೆ. ಹನ್ನೊಂದು ತುಣುಕುಗಳಲ್ಲಿ ಉಳಿದದ್ದು ಆ ತಪ್ಪು ಮಾತು. ಉಳಿಯಲು ಕಾರಣವೂ ಇತ್ತು. ಪ್ರತಿ ಜುಲೈನಲ್ಲಿ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಒಂದು ಸಂದೇಶವನ್ನು ನೀವೂ ನೋಡಿರುತ್ತೀರಿ: ಸೂರ್ಯನಿಗೂ ಭೂಮಿಗೂ ಸಾಮಾನ್ಯವಾಗಿ 9 ಕೋಟಿ ಕಿಲೋಮೀಟರ್ ಅಂತರ, ಈಗ ಅದು 15.2 ಕೋಟಿಗೆ ಏರುತ್ತದೆ, ಚಳಿ ಕೆಮ್ಮು ಬರುತ್ತದೆ, ಎಚ್ಚರಿಕೆ ಎಂದು. ಮಕ್ಕಳು ಅದನ್ನು ಮೊದಲೇ ಕೇಳಿದ್ದರು. ಪದೇ ಪದೇ ಕೇಳಿದ ಮಾತು ನಿಜವೆನಿಸತೊಡಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳು 1977ರಿಂದಲೂ ಪ್ರಯೋಗಗಳಲ್ಲಿ ತೋರಿಸುತ್ತ ಬಂದಿದ್ದಾರೆ.

ನಿಜ ಸಂಗತಿ ಹೀಗಿದೆ. ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವುದು ಜನವರಿ ಮೊದಲ ವಾರದಲ್ಲಿ, ಆಗಿನ ಅಂತರ ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಹೋಗುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ. ವ್ಯತ್ಯಾಸ ಶೇ 3ರ ಆಸುಪಾಸು. ಸಮೀಪವಿದ್ದಾಗಲೇ ನಮಗೆ ಚಳಿಗಾಲ! ಋತುಗಳಿಗೆ ಕಾರಣ ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವುದು.

ಆ ಪ್ರಶಿಕ್ಷಣಾರ್ಥಿ ಪಾಠವನ್ನು ಮತ್ತೆ ಮಾಡಿದರು. ಈ ಸಲ ಒಂದು ಭೂಗೋಳ, ಒಂದು ದೀಪ, ಕಪ್ಪುಹಲಗೆಯ ಮೇಲೆ ಎರಡೇ ಅಂಕಿ: ಜನವರಿ 14.7, ಜುಲೈ 15.2. "ಜನವರಿಯಲ್ಲಿ ಹತ್ತಿರ ಇದೀವಿ. ಆದ್ರೂ ಚಳಿ. ಯಾಕೆ?" ಎಂದು ಕೇಳಿ ಸುಮ್ಮನಾದರು. ನನ್ನ ಗಡಿಯಾರದಲ್ಲಿ ಹನ್ನೊಂದು ಸೆಕೆಂಡು. ಪಾಠ ಒಪ್ಪಿಸುವವರಿಗೆ ಅದು ಹನ್ನೊಂದು ನಿಮಿಷ. ಕೊನೆಗೆ ಮೂರನೆಯ ಸಾಲಿನಿಂದ ಒಬ್ಬ ಹುಡುಗಿ, "ಮಿಸ್, ಹಾಗಾದ್ರೆ ದೂರದ್ದು ಸುಳ್ಳಾ?" ಎಂದಳು. ಉತ್ತರ ಅದಲ್ಲ, ಆದರೆ ಪಾಠ ಶುರುವಾದದ್ದು ಅಲ್ಲಿಂದ. ಮುಂದಿನ ಇಪ್ಪತ್ತು ನಿಮಿಷ ಮಕ್ಕಳು ಭೂಗೋಳವನ್ನು ವಾಲಿಸಿ ದೀಪದ ಸುತ್ತ ನಡೆಸಿದರು. ನಡುವೆ ಗಲಾಟೆಯೂ ಆಯಿತು, ಒಬ್ಬ ದೀಪ ಆರಿಸಿಬಿಟ್ಟ. ಪರವಾಗಿಲ್ಲ.

ಪ್ರಚೋದನಾ ವೈವಿಧ್ಯವನ್ನು ತಪ್ಪಾಗಿ ತಿಳಿಯುವುದು

ಮೇಲಿನ ಮೊದಲ ಪಾಠಕ್ಕೆ ಶಾಸ್ತ್ರದ ಬೆಂಬಲವಿದೆ ಎಂದು ಕೆಲವರು ವಾದಿಸಬಹುದು. ಸ್ಟ್ಯಾನ್‌ಫರ್ಡ್‌ನಲ್ಲಿ 1960ರ ದಶಕದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ಸೂಕ್ಷ್ಮ ಬೋಧನೆಯನ್ನು ರೂಪಿಸಿದಾಗ ಗುರುತಿಸಿದ ಕೌಶಲಗಳಲ್ಲಿ ಪ್ರಚೋದನಾ ವೈವಿಧ್ಯವೂ ಒಂದು. ಅದರ ಘಟಕಗಳನ್ನು ನೆನಪಿಸಿಕೊಳ್ಳಿ: ಶಿಕ್ಷಕರ ಚಲನೆ, ಹಾವಭಾವ, ಧ್ವನಿಯ ಏರಿಳಿತ, ಕೇಂದ್ರೀಕರಣ, ವಿರಾಮ. ಕೊನೆಯ ಎರಡನ್ನು ನಾವು ಮರೆತೇಬಿಡುತ್ತೇವೆ. ಈ ಕೌಶಲದಲ್ಲಿ ಬದಲಾಗುವುದು ಶಿಕ್ಷಕರ ವರ್ತನೆ. ವಿಷಯ ಅಲ್ಲೇ ನಿಂತಿರುತ್ತದೆ. ಒಂದೇ ಪ್ರಶ್ನೆಯ ಸುತ್ತ ಧ್ವನಿ, ದೃಷ್ಟಿ, ನಡಿಗೆ ಬದಲಾಗುತ್ತವೆ. ಕಿರುವಿಡಿಯೊಗಳ ಸರಮಾಲೆಯಲ್ಲಿ ವಿಷಯವೇ ಬದಲಾಗುತ್ತ ಹೋಗುತ್ತದೆ. ಎರಡನ್ನೂ ಒಂದೇ ಕೌಶಲದ ಹೆಸರಿನಲ್ಲಿ ದಾಖಲಿಸುವುದು ತಪ್ಪು.

ಕಿರುವಿಡಿಯೊ ಉಂಟುಮಾಡುವ ಇನ್ನೊಂದು ಭ್ರಮೆ 'ಗೊತ್ತಾಯಿತು' ಎಂಬ ಭಾವನೆ. ನುಣುಪಾಗಿ ಸಾಗಿದ್ದೆಲ್ಲ ತಿಳಿದಂತೆ ಅನಿಸುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ನಡೆಸಿದ ಪ್ರಯೋಗ ಇಲ್ಲಿ ಉಪಯುಕ್ತ. ಒಂದು ಗದ್ಯಭಾಗವನ್ನು ಕೆಲವರು ಎರಡು ಸಲ ಓದಿದರು. ಇನ್ನು ಕೆಲವರು ಒಮ್ಮೆ ಓದಿ, ಪುಸ್ತಕ ಮುಚ್ಚಿ ನೆನಪಿದ್ದುದನ್ನು ಬರೆದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಎರಡು ಸಲ ಓದಿದವರೇ ಮುಂದೆ. ಒಂದು ವಾರದ ನಂತರ ಅವರು ಶೇ 42ರಷ್ಟನ್ನು ನೆನಪಿಸಿಕೊಂಡರೆ, ಮುಚ್ಚಿ ಬರೆದವರು ಶೇ 56ರಷ್ಟನ್ನು ನೆನಪಿಸಿಕೊಂಡರು. ಪಾಠದ ಕೊನೆಯ ಮೌಲ್ಯಮಾಪನ ಪ್ರಶ್ನೆಗಳಿಗೆ ಕೈಗಳೆಲ್ಲ ಮೇಲೆದ್ದವು ಎಂದು ಹಿಗ್ಗುವ ಮುನ್ನ ಈ ಐದು ನಿಮಿಷ ಮತ್ತು ಒಂದು ವಾರದ ವ್ಯತ್ಯಾಸವನ್ನು ನೆನೆಯಬೇಕು. ಪ್ರಶಿಕ್ಷಣಾರ್ಥಿಗಳ ಸ್ವಂತ ತಯಾರಿಗೂ ಇದು ಅನ್ವಯ. ರಾತ್ರಿ ಹನ್ನೊಂದಕ್ಕೆ ಮೂರು ವಿಡಿಯೊ ನೋಡಿ ಪಾಠಯೋಜನೆ ಬರೆದವರು ಮಗುವಿನ ಮೊದಲ 'ಯಾಕೆ'ಗೆ ಸಿಕ್ಕಿಬೀಳುತ್ತಾರೆ.

ತುಣುಕು ಎಂಬುದರಲ್ಲೇ ಇರುವ ಅಪಾಯಕ್ಕೆ ನಮ್ಮ ರಾಜ್ಯದಲ್ಲಿ ಒಂದು ಘೋರ ನಿದರ್ಶನವಿದೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿದಾಗ ಮೊಬೈಲಿನಿಂದ ಮೊಬೈಲಿಗೆ ಓಡಿದ ವಿಡಿಯೊಗಳಲ್ಲಿ ಒಂದು, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವುದು. ಮೂಲದಲ್ಲಿ ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ ಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ವಾಪಸು ತಂದು ಬಿಡುತ್ತಾರೆ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಹರಿದಾಡಿದ ತುಣುಕಿನಲ್ಲಿ ಆ ಕೊನೆಯನ್ನು ಕತ್ತರಿಸಲಾಗಿತ್ತು. ಆ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳನೆಂದು ಭಾವಿಸಿ ಗುಂಪು ಹೊಡೆದು ಕೊಂದಿತು. ಅವರ ಜೊತೆಗಿದ್ದವರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು. 'ಇದರ ಮೊದಲು ಏನಿತ್ತು? ಕೊನೆಗೆ ಏನಾಯಿತು?' ಎಂದು ಕೇಳುವ ಅಭ್ಯಾಸ ಭಾಷಾ ತರಗತಿಯ ಅಲಂಕಾರವಲ್ಲ. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಆಧಾರಗಳ ಪಾಠ ಮಾಡುವಾಗ ಇಂಥ ಕತ್ತರಿಸಿದ ತುಣುಕನ್ನೇ ಆಧಾರವಾಗಿ ಪರೀಕ್ಷಿಸಲು ಕೊಡಬಹುದು.

ತಂಗುವ ಅಭ್ಯಾಸ

ಮೊಬೈಲ್ ಬರುವ ಮೊದಲು ನಮ್ಮ ತರಗತಿಗಳು ನಿಧಾನವಾಗಿದ್ದವು ಎಂದೂ ಭ್ರಮಿಸಬೇಕಿಲ್ಲ. ಮೇರಿ ಬಡ್ ರೋ 1970ರ ದಶಕದಲ್ಲಿ ಕಂಡುಕೊಂಡಂತೆ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಮಾತಾಡತೊಡಗಿದರು. ಬೆರಳಿನಿಂದ ತಳ್ಳುವುದನ್ನು ಮಕ್ಕಳು ಈಗ ಕಲಿತರು. 'ನೀನು ಹೇಳು, ಗೊತ್ತಿಲ್ವಾ, ಕೂತ್ಕೋ, ನೀನು' ಎಂದು ತಳ್ಳುವುದು ನಮ್ಮ ಹಳೆಯ ರೂಢಿ.

ತಂಗುವ ಅಭ್ಯಾಸಕ್ಕೆ ದುಬಾರಿ ಸಾಮಗ್ರಿ ಬೇಕಿಲ್ಲ. ಜೀವವಿಜ್ಞಾನದವರು ಹೂವಿನ ಭಾಗಗಳ ಪಾಠಕ್ಕೆ ಮುನ್ನ ಒಂದು ದಾಸವಾಳ ಕೊಟ್ಟು, ಹೆಸರು ಹೇಳದೆ, ಎಂಟು ನಿಮಿಷ ನೋಡಿ ಕಂಡದ್ದನ್ನು ಬರೆಯಲು ಹೇಳಲಿ. ಎರಡನೆಯ ನಿಮಿಷಕ್ಕೇ "ಆಯ್ತು ಸಾರ್" ಎಂಬ ಕೂಗು ಬರುತ್ತದೆ: ಕೆಂಪು, ಐದು ಎಸಳು, ನಡುವೆ ಕಡ್ಡಿ. ಆಗ ಏನೂ ಹೇಳಬಾರದು, "ಇನ್ನೂ ನೋಡಿ" ಎನ್ನುವುದನ್ನು ಬಿಟ್ಟು. ಮೂರರಿಂದ ಐದನೆಯ ನಿಮಿಷ ಕಷ್ಟದ ಕಾಲ. ಕೊಸರಾಟ, ಪಕ್ಕದವನ ಹೂ ಕೀಳುವುದು, ಮೇಲ್ಚಾವಣಿ ನೋಡುವುದು. ಆಮೇಲೆ ಒಂದೊಂದಾಗಿ ಬರತೊಡಗುತ್ತವೆ. ಕಡ್ಡಿಯ ತುದಿ ಐದಾಗಿ ಕವಲೊಡೆದಿದೆ. ಕೇಸರಗಳು ಬೇರೆಬೇರೆಯಾಗಿಲ್ಲ, ಕೊಳವೆಯಂತೆ ಕೂಡಿವೆ. ಹಸಿರು ಬಟ್ಟಲಿನ ಕೆಳಗೆ ಇನ್ನೊಂದು ಸಾಲು ಸಣ್ಣ ಎಲೆಗಳಿವೆ. ಈ ಕೊನೆಯದನ್ನು ಪಠ್ಯಪುಸ್ತಕದ ಚಿತ್ರ ನೋಡಿ ಬಂದ ಪ್ರಶಿಕ್ಷಣಾರ್ಥಿಯೂ ಹಲವು ಸಲ ಗಮನಿಸಿರುವುದಿಲ್ಲ. ಬೇಸರದ ಆ ಎರಡು ನಿಮಿಷ ದಾಟಿಸುವುದಷ್ಟೇ ಶಿಕ್ಷಕರ ಕೆಲಸ. ಗಣಿತದವರು ಹತ್ತು ಲೆಕ್ಕದ ಬದಲು ಒಂದೇ ಲೆಕ್ಕವನ್ನು ಎರಡು ದಾರಿಯಲ್ಲಿ ಮಾಡಿಸಲಿ. ಕನ್ನಡದವರು ಒಂದು ಪದ್ಯವನ್ನು ಅರ್ಥ ಹೇಳುವ ಮುನ್ನ ಮೂರು ಸಲ ಓದಿಸಿ ಕೇಳಿಸಲಿ.

ಮನೋವಿಜ್ಞಾನದ ಪಠ್ಯದಲ್ಲಿ ನಾವು ಬಳಸುವ 'ಅವಧಾನ' ಎಂಬ ಪದಕ್ಕೆ ಕನ್ನಡದಲ್ಲಿ ಜೀವಂತ ಕಲೆಯೊಂದರ ಬೆನ್ನೆಲುಬು ಇದೆ. ಅಷ್ಟಾವಧಾನದಲ್ಲಿ ಎಂಟು ಜನ ಪೃಚ್ಛಕರು. ಒಬ್ಬರು ಅಕ್ಷರಗಳನ್ನು ನಿಷೇಧಿಸುತ್ತಾರೆ, ಒಬ್ಬರು ಸಮಸ್ಯೆ ಒಡ್ಡುತ್ತಾರೆ, ಒಬ್ಬರು ಸಂಖ್ಯೆಗಳನ್ನು ಕೇಳುತ್ತಾರೆ. ಪದ್ಯಗಳು ಸುತ್ತಿಗೊಂದು ಪಾದದಂತೆ ಬೆಳೆಯುತ್ತವೆ. ಇಷ್ಟರ ನಡುವೆ ಅಪ್ರಸ್ತುತ ಪ್ರಸಂಗಿ ಎಂಬ ಒಬ್ಬರನ್ನು ಅವಧಾನಿಯ ಗಮನ ಕೆಡಿಸಲೆಂದೇ ಕೂರಿಸಿರುತ್ತಾರೆ. ಅವಧಾನಿ ಅವರಿಗೂ ನಗುನಗುತ್ತ ಉತ್ತರ ಕೊಟ್ಟು, ಬಿಟ್ಟ ಪಾದಕ್ಕೆ ಮರಳುತ್ತಾರೆ. ಶತಾವಧಾನಿ ಆರ್. ಗಣೇಶ್ ಅವರ ಅವಧಾನಗಳ ಧ್ವನಿಮುದ್ರಣಗಳು ಅಂತರ್ಜಾಲದಲ್ಲೇ ಸಿಗುತ್ತವೆ. ಕಾಲೇಜಿನ ಸಭಾಂಗಣದಲ್ಲಿ ಒಂದನ್ನು ಪೂರ್ತಿಯಾಗಿ ಕೇಳಿಸಿದರೆ ಅವಧಾನದ ಅಧ್ಯಾಯವನ್ನು ಬೇರೆ ವಿವರಿಸಬೇಕಾಗುವುದಿಲ್ಲ. ಅದೇ ಜಾಲ, ಅದೇ ಪರದೆ. ಮೊಬೈಲ್ ಕಂಡರೆ ಸಿಡಿಮಿಡಿಗೊಳ್ಳುವ ಸಹೋದ್ಯೋಗಿಗಳಿಗೂ ಈ ಮಾತು. ಮನೆಯಲ್ಲಿ ಒಂದೇ ಫೋನು ಇದ್ದು, ಅದೂ ಅಣ್ಣನ ಜೇಬಿನಲ್ಲಿರುವ ಹುಡುಗಿಗೆ ದೀಕ್ಷಾ ವೇದಿಕೆಯ ಪಾಠ ಸಿಗುವುದೇ ದೊಡ್ಡದು. ಅವಳಿಗೂ ಸೇರಿಸಿ 'ಮೊಬೈಲ್ ಮುಟ್ಟಬೇಡಿ' ಎಂದು ಭಾಷಣ ಮಾಡುವುದು ವಾಸ್ತವದ ಅರಿವಿಲ್ಲದ ಮಾತು.

ಎರಡನೆಯ ಸುತ್ತಿನ ಪಾಠಾಭ್ಯಾಸದಲ್ಲಿ ನನ್ನ ಮಾರ್ಗದರ್ಶನದ ಪ್ರಶಿಕ್ಷಣಾರ್ಥಿಗಳ ವೀಕ್ಷಣಾ ಪುಸ್ತಕದಲ್ಲಿ ಎರಡು ಕಾಲಂ ಹೆಚ್ಚಿಗೆ ಇರುತ್ತವೆ. ಒಂದು, ಪಾಠದಲ್ಲಿ ಮಕ್ಕಳು ಒಂದೇ ಪ್ರಶ್ನೆ, ವಸ್ತು ಅಥವಾ ಪುಟದ ಮೇಲೆ ಅತಿ ಹೆಚ್ಚು ಹೊತ್ತು ತಂಗಿದ್ದು ಎಷ್ಟು ನಿಮಿಷ, ಯಾವುದರ ಮೇಲೆ. ಇನ್ನೊಂದು, ಮೂರನೆಯ ದಿನದ ಎರಡು ಪ್ರಶ್ನೆಗಳಿಗೆ ಪುಸ್ತಕ ಮುಚ್ಚಿ ಬಂದ ಉತ್ತರಗಳು, ಮಕ್ಕಳ ಮಾತಿನಲ್ಲೇ. ವಿಡಿಯೊ ಬಳಸಲು ಅಡ್ಡಿಯಿಲ್ಲ. ಒಂದು ಅವಧಿಗೆ ಒಂದು, ನಡುವೆ ನಿಲ್ಲಿಸಿ ಪ್ರಶ್ನೆ ಕೇಳಬಹುದಾದದ್ದು, ಅದರಲ್ಲಿನ ಪ್ರತಿ ಅಂಕಿಯನ್ನೂ ಪಠ್ಯಪುಸ್ತಕದೊಂದಿಗೆ ತಾಳೆ ನೋಡಿದ್ದು. ಪಾಠಯೋಜನೆಗೆ ಸಹಿ ಹಾಕುವಾಗ ತಾಳೆ ನೋಡಿದ ಪುಟ ಸಂಖ್ಯೆಯನ್ನು ಕೇಳುತ್ತೇನ, ಬರೆದು ತನ್ನಿ.